ಆರನೇ ಜಾರ್ಜ್ ನೋಟು ಯುವಿ ಟಾರ್ಚಿನಲ್ಲಿ ಹೊಳೀತಿದೆ. ನಕಲಿಯಾ?

ಬಸವನಗುಡಿ_ನೋಟು:
ತಲೆ ಕೆಟ್ಟು ಹೋಗಿದೆ. ಅವೆನ್ಯೂ ರಸ್ತೆ ಕಡೆ ಒಬ್ಬರ ಹತ್ತಿರ ಬ್ರಿಟಿಷ್ ರಾಜ ಆರನೇ ಜಾರ್ಜ್ ಕಾಲದ ಹಳೇ ನೋಟು ತಗೊಂಡೆ. ಮನೆಗೆ ಬಂದು ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಿಡಿದರೆ ನೀಲಿ ಹೊಳಪು. ರಿಸರ್ವ್ ಬ್ಯಾಂಕ್ ಹೆಸರೂ ಇಲ್ಲ, ಗವರ್ನರ್ ಸಹಿಯೂ ಇಲ್ಲ. ಮಾರಿದವರು ಫೋನ್ ಎತ್ತುತ್ತಿಲ್ಲ. ಇದು ನಕಲಿ ತಾನೇ? ಯಾರಾದರೂ ಬೇಗ ಹೇಳಿ.

ನಾಣ್ಯಪ್ರಿಯ:
ನಕಲಿನೇ ಇರಬೇಕು. ಆ ಕಾಲದ ನೋಟಿನ ಕಾಗದ ಯುವಿಯಲ್ಲಿ ಮಂಕಾಗಿರುತ್ತೆ. ನೀಲಿಯಾಗಿ ಹೊಳೆಯೋದು ಈಗಿನ ಬಿಳಿ ಕಾಗದ. ಬೆಳ್ಳಗೆ ಕಾಣಲಿ ಅಂತ ಅದಕ್ಕೆ ರಾಸಾಯನಿಕ ಸೇರಿಸಿರುತ್ತಾರೆ. ಪ್ರಿಂಟರ್ ಹಾಳೆ ಪಕ್ಕದಲ್ಲಿಟ್ಟು ನೋಡಿ.

ಮಲ್ಲೇಶ್ವರಂ_ಆಲ್ಬಮ್:
ಅಷ್ಟು ಅವಸರ ಬೇಡ ಸಾರ್. ಬಟ್ಟೆ ಸೋಪಿನ ಪುಡಿಯಲ್ಲಿ ತೊಳೆದರೆ ಅಸಲಿ ನೋಟೂ ಹೊಳೆಯುತ್ತೆ. ಕೊಳೆ ತೆಗೆದು ಜಾಸ್ತಿ ರೇಟು ಹೇಳೋಕೆ ಕೆಲವರು ತೊಳೆದು ಇಸ್ತ್ರಿ ಮಾಡ್ತಾರೆ.

ನಾಣ್ಯಪ್ರಿಯ:
ತೊಳೆದರೆ ರಿಸರ್ವ್ ಬ್ಯಾಂಕ್ ಹೆಸರೂ ಅಳಿಸಿ ಹೋಗುತ್ತಾ? ಬ್ಯಾಂಕ್ ಶುರುವಾಗಿದ್ದು 1935ರಲ್ಲಿ. ಆರನೇ ಜಾರ್ಜ್ ಪಟ್ಟಕ್ಕೆ ಬಂದಿದ್ದು 1936ರಲ್ಲಿ. ಹೆಸರಿಲ್ಲ ಅಂದ್ರೆ ನೋಟೇ ಸುಳ್ಳು.

ಮಲ್ಲೇಶ್ವರಂ_ಆಲ್ಬಮ್:
ನಾನು ಹೇಳಿದ್ದು ಹೊಳಪಿನ ಬಗ್ಗೆ. ಇಸ್ತ್ರಿ ಹಾಕಿದ ನೋಟಿನ ಮೇಲೆ ಬೆರಳಾಡಿಸಿ ನೋಡಿ, ಅಚ್ಚಿನ ಉಬ್ಬೇ ಸಿಗಲ್ಲ. ನನ್ನ ಹತ್ತಿರ ಇರೋದೆಲ್ಲ ಪಿವಿಸಿ ಇಲ್ಲದ ಪಾಲಿಯೆಸ್ಟರ್ ಕವರಿನಲ್ಲಿದೆ. ಮಳೆಗಾಲದಲ್ಲೂ ಒಂದಕ್ಕೂ ಬೂಸ್ಟು ಹಿಡಿದಿಲ್ಲ. ಆಗಿನ ಗವರ್ನರ್ ದೇಶಮುಖ್ ಸಹಿಯ ಎರಡು ರೂಪಾಯಿ ನೋಟು ಇನ್ನೂ ಗರಿಗರಿ ಇದೆ.

ಕೋರಮಂಗಲ_ಕಲೆಕ್ಟರ್:
ಯಾವ ಕವರ್ ಸಾರ್? ಎಲ್ಲಿ ಸಿಗುತ್ತೆ? ನನ್ನ ಆಲ್ಬಮ್ ಹಾಳೆ ಅಂಟಂಟಾಗಿದೆ.

ಹಲಸೂರು_ಕಾಗದ:
ಕವರ್ ಮಾತು ಆಮೇಲೆ. ಎಷ್ಟು ರೂಪಾಯಿ ನೋಟು ಅಂತ ಒಬ್ಬರೂ ಕೇಳಿಲ್ಲವಲ್ಲ! ಹೊಳಪು ಇಡೀ ನೋಟಿಗಾ, ಒಂದು ಕಡೆ ಮಾತ್ರನಾ?

ಬಸವನಗುಡಿ_ನೋಟು:
ಒಂದು ರೂಪಾಯಿ, 1940. ಬಲಗಡೆ ಕೆಳಮೂಲೆ ಮಾತ್ರ ಹೊಳೀತಿದೆ. ಎರಡೂ ಬದಿಯ ಫೋಟೋ ಹಾಕಿದ್ದೀನಿ.

ಹಲಸೂರು_ಕಾಗದ:
ಹಾಗಾದ್ರೆ ಬ್ಯಾಂಕ್ ಹೆಸರು ಹುಡುಕಬೇಡಿ. ಒಂದು ರೂಪಾಯಿ ನೋಟು ಆಗಲೂ ಈಗಲೂ ಸರ್ಕಾರದ್ದು, ಸಹಿ ಹಣಕಾಸು ಕಾರ್ಯದರ್ಶಿಯದು. 1940ರದ್ದಕ್ಕೆ ಸಿ. ಇ. ಜೋನ್ಸ್ ಸಹಿ, ಜೊತೆಗೆ ರೂಪಾಯಿ ನಾಣ್ಯದ ಚಿತ್ರ. ಯುದ್ಧಕಾಲದಲ್ಲಿ ಬೆಳ್ಳಿ ಸಾಲದೆ ತಂದ ನೋಟು ಇದು. ಗವರ್ನರ್ ಸಹಿ ಬೇಕಿದ್ರೆ 1938ರ ಐದು ರೂಪಾಯಿ ನೋಡಿ, ಜೆ. ಬಿ. ಟೇಲರ್ ಅವರದು.

ಇನ್ನು ಮೂಲೆ. ಫೋಟೋ ದೊಡ್ಡದು ಮಾಡಿ ನೋಡಿದೆ. ಅಂಚಿನ ಸಣ್ಣ ಗೆರೆಗಳು ಒಂದು ಕಡೆ ಥಟ್ ಅಂತ ನಿಲ್ಲುತ್ತವೆ. ಅಲ್ಲಿಂದಾಚೆ ಯಾರೋ ಪೆನ್ನಿನಲ್ಲಿ ಎಳೆದಿದ್ದಾರೆ, ಬಣ್ಣ ಸ್ವಲ್ಪ ಬೇರೆ. ಹರಿದ ಮೂಲೆಗೆ ಹೊಸ ಕಾಗದದ ತೇಪೆ ಹಾಕಿದ್ದಾರೆ. ಹೊಳೆಯೋದು ಆ ತೇಪೆ ಮಾತ್ರ. ಉಳಿದ ನೋಟು ಅಸಲಿ ಅಂತಲೇ ನನ್ನ ಲೆಕ್ಕ. ಕಿಟಕಿ ಬೆಳಕಿಗೆ ಹಿಡಿದರೆ ಜೋಡಿಸಿದ ಕಡೆ ದಪ್ಪಗೆ ಕಾಣುತ್ತೆ. ದಯವಿಟ್ಟು ನೀರು ಹಾಕಿ ಬಿಡಿಸೋಕೆ ಹೋಗಬೇಡಿ, ಶಾಯಿ ಹರಡಿದರೆ ಮುಗೀತು.

ಬಸವನಗುಡಿ_ನೋಟು:
ಹಿಡಿದು ನೋಡಿದೆ. ದಪ್ಪ ಪಟ್ಟಿ ಚೆನ್ನಾಗಿ ಕಾಣ್ತಿದೆ. ಆದರೆ ತೇಪೆ ಇದೆ ಅಂತ ಹೇಳದೇ ಪೂರ್ತಿ ನೋಟಿನ ದುಡ್ಡು ತಗೊಂಡಿದ್ದಾರೆ!

ಹಲಸೂರು_ಕಾಗದ:
ಅದು ಖಂಡಿತ ತಪ್ಪು. ತೇಪೆ ಹಾಕಿದ್ದನ್ನು ಹೇಳಿಯೇ ಮಾರಬೇಕು. ಫೋಟೋ ಹಿಡ್ಕೊಂಡು ನೇರವಾಗಿ ಹೋಗಿ. ವಾಪಸ್ ತಗೊಳ್ಳಲ್ಲ ಅಂದ್ರೆ ವ್ಯತ್ಯಾಸದ ದುಡ್ಡು ಕೇಳಿ.

ನಾಣ್ಯಪ್ರಿಯ:
ಬೆಳಕಿಗೆ ಹಿಡಿದ ಫೋಟೋನೂ ಹಾಕಿ. ಪೂರ್ತಿ ಕಾಗದ ನೋಡದೆ ಅಸಲಿ ಅಂತ ನಾನು ಒಪ್ಪಲ್ಲ.

ಕೋರಮಂಗಲ_ಕಲೆಕ್ಟರ್:
ಆ ಪಾಲಿಯೆಸ್ಟರ್ ಕವರ್ ಎಲ್ಲಿ ಸಿಗುತ್ತೆ ಅಂತ ಹೇಳಿ ಸಾರ್.