ಹಳೇ ಏರ್‌ಕೂಲ್ಡ್ ಕಾರುಗಳ ಹರಾಜು: 'ಹ್ಯಾಮರ್ ಪ್ರೈಸ್', 'ಮ್ಯಾಚಿಂಗ್ ನಂಬರ್ಸ್' ಇತ್ಯಾದಿಗಳಿಗೆ ಕನ್ನಡ ಪದ

ಪ್ರಶ್ನೆ (ಮಡಿಕೇರಿಯಿಂದ)

ಎಲ್ಲರಿಗೂ ನಮಸ್ಕಾರ. ಹಳೇ ಏರ್‌ಕೂಲ್ಡ್ ಸ್ಪೋರ್ಟ್ಸ್ ಕಾರುಗಳ, ಅದರಲ್ಲೂ ಪೋರ್ಷೆ 911ರ ಹರಾಜಿನ ಬಗ್ಗೆ ಇಲ್ಲಿನ ಆಸಕ್ತರಿಗಾಗಿ ಕನ್ನಡದಲ್ಲಿ ಚಿಕ್ಕ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ರಿಸರ್ವ್, ಹ್ಯಾಮರ್ ಪ್ರೈಸ್, ಬಯರ್ಸ್ ಪ್ರೀಮಿಯಂ, ಮ್ಯಾಚಿಂಗ್ ನಂಬರ್ಸ್ ಇವಕ್ಕೆ ಕರಡಿನಲ್ಲಿ 'ಮೀಸಲು ಬೆಲೆ', 'ಸುತ್ತಿಗೆ ಬೆಲೆ', 'ಖರೀದಿದಾರರ ಪ್ರೀಮಿಯಂ', 'ಹೊಂದಾಣಿಕೆಯ ಸಂಖ್ಯೆಗಳು' ಎಂದಿದೆ. ಓದಿದವರಿಗೆ ತಲೆಬುಡ ತಿಳಿಯುತ್ತಿಲ್ಲ. ನಮ್ಮ ಕಡೆ ಮರದ ಡಿಪೋ ಹರಾಜಿನಲ್ಲಿ ಓಡಾಡುವ ಮಾತುಗಳನ್ನೇ ತರಬಹುದೇ? ಏರ್‌ಕೂಲ್ಡ್‌ಗೆ 'ವಾಯುಶೀತಲಿತ' ಆದೀತೇ?

ಉತ್ತರ (ಗೋಣಿಕೊಪ್ಪಲಿನಿಂದ)

ಡಿಪೋ ಮಾತುಗಳು ಬಹುಪಾಲು ಒಗ್ಗುತ್ತವೆ, ಆದರೆ ಒಂದು ಕಡೆ ಎಡವಟ್ಟಾಗುತ್ತದೆ. ಹರಾಜು ಪ್ರಕಟಣೆಯಲ್ಲಿ 'ಸರ್ಕಾರಿ ಸವಾಲು' ಎಂದು ಮೊದಲೇ ಕನಿಷ್ಠ ಮೊತ್ತ ಹಾಕಿರುತ್ತಾರೆ, ಎಲ್ಲರಿಗೂ ಗೊತ್ತಿರುತ್ತದೆ. ಕಾರಿನ ರಿಸರ್ವ್ ಹಾಗಲ್ಲ. ಅದು ಮಾರುವವರಿಗೂ ಹರಾಜು ಸಂಸ್ಥೆಗೂ ನಡುವಿನ ಗುಟ್ಟು. ಕ್ಯಾಟಲಾಗಿನಲ್ಲಿ ಅಚ್ಚಾದ ಅಂದಾಜಿನ ಕೆಳಗಿನ ಅಂಕಿಯನ್ನು ಸಾಮಾನ್ಯವಾಗಿ ಮೀರುವುದಿಲ್ಲ, ಅಷ್ಟೇ. ಕೂಗಿದ ಬಿಡ್ ಅಲ್ಲಿಗೆ ಮುಟ್ಟದಿದ್ದರೆ ಕಾರು ಮಾರಾಟವಾಗುವುದಿಲ್ಲ. ಆದ್ದರಿಂದ ಮೊದಲ ಸಲ 'ಗುಟ್ಟಾಗಿಟ್ಟ ಕನಿಷ್ಠ ಬೆಲೆ' ಎಂದು ಬರೆದು, ಆಮೇಲೆ 'ಕನಿಷ್ಠ ಬೆಲೆ' ಎಂದರೆ ಸಾಕು. 'ನೋ ರಿಸರ್ವ್' ಅಂದರೆ ಕನಿಷ್ಠ ಬೆಲೆಯಿಲ್ಲದ ಹರಾಜು: ಎಷ್ಟಕ್ಕೇ ನಿಂತರೂ ಕಾರು ಕೊಡಲೇಬೇಕು.

ಹ್ಯಾಮರ್ ಪ್ರೈಸ್ ಅಂದರೆ ಹರಾಜುಗಾರ ಸುತ್ತಿಗೆ ಬಡಿದು ಮುಗಿಸಿದ ಕೊನೆಯ ಬಿಡ್. ಅದಕ್ಕೆ 'ಸುತ್ತಿಗೆ ಬೆಲೆ' ಬೇಡವೇ ಬೇಡ. ನಮ್ಮಲ್ಲಿ 'ಅಖೈರು ಸವಾಲು' ಎಂಬ ಒಳ್ಳೆಯ ಮಾತು ಇದ್ದೇ ಇದೆ. ಬಿಡ್‌ಗೂ 'ಸವಾಲು' ಎಂದೇ ಬಳಸಿ. ಬಯರ್ಸ್ ಪ್ರೀಮಿಯಂ ಅಂದರೆ ಅಖೈರು ಸವಾಲಿನ ಮೇಲೆ ಹರಾಜು ಸಂಸ್ಥೆ ಕೊಳ್ಳುವವರಿಂದ ಹಿಡಿಯುವ ಶುಲ್ಕ. 'ಪ್ರೀಮಿಯಂ' ಎಂದರೆ ಓದುಗರಿಗೆ ವಿಮೆಯ ಕಂತು ನೆನಪಾಗುತ್ತದೆ. ಕಾಫಿ, ಕರಿಮೆಣಸಿನ ವ್ಯಾಪಾರ ಬಲ್ಲವರಿಗೆ 'ಕೊಳ್ಳುವವರ ಕಮಿಷನ್' ತಕ್ಷಣ ತಿಳಿಯುತ್ತದೆ. ಮಾರುವವರಿಂದಲೂ ಬೇರೆ ಕಮಿಷನ್ ಹಿಡಿಯುವುದುಂಟು, ಹಾಗಾಗಿ ಯಾರದ್ದು ಎಂದು ಬಿಡಿಸಿ ಹೇಳಬೇಕು.

ಪದಕ್ಕಿಂತ ಹೆಚ್ಚಾಗಿ ಲೆಕ್ಕ ತಪ್ಪುವುದು ಇಲ್ಲೇ. 2,50,000 ಡಾಲರ್‌ವರೆಗೆ ಶೇ. 12, ಅದರ ಮೇಲಿನ ಮೊತ್ತಕ್ಕೆ ಶೇ. 10 ಕಮಿಷನ್ ಎಂದು ಷರತ್ತಿದ್ದರೆ, 3,00,000ಕ್ಕೆ ಅಖೈರಾದ ಕಾರಿಗೆ 30,000 ಮತ್ತು 5,000 ಸೇರಿ ಕೊಳ್ಳುವವರು ಕಟ್ಟಬೇಕಾದದ್ದು 3,35,000. ದೊಡ್ಡ ಹರಾಜು ಸಂಸ್ಥೆಗಳ ಫಲಿತಾಂಶಗಳಲ್ಲಿ ಬರುವುದು ಸಾಮಾನ್ಯವಾಗಿ ಈ ಒಟ್ಟು ಮೊತ್ತ. ಬ್ರಿಂಗ್ ಎ ಟ್ರೈಲರ್‌ನಂಥ ಆನ್‌ಲೈನ್ ಹರಾಜಿನಲ್ಲಿ ಕಾಣುವುದು ಬರೀ ಅಖೈರು ಸವಾಲು, ಕಮಿಷನ್ ಅದರ ಮೇಲೆ. ಮಾರಾಟವಾಗದೆ ಉಳಿದ ಕಾರಿನ 'ಅತಿ ಹೆಚ್ಚಿನ ಸವಾಲಿ'ನಲ್ಲೂ ಕಮಿಷನ್ ಸೇರಿರುವುದಿಲ್ಲ. ಈ ಮೂರನ್ನೂ 'ಬೆಲೆ' ಎಂಬ ಒಂದೇ ಪದದಲ್ಲಿ ಬರೆದರೆ, ಒಂದೇ ಮೌಲ್ಯದ ಎರಡು ಕಾರುಗಳ ನಡುವೆ ಶೇ. 10ಕ್ಕೂ ಹೆಚ್ಚಿನ ಸುಳ್ಳು ವ್ಯತ್ಯಾಸ ಹುಟ್ಟಿಕೊಳ್ಳುತ್ತದೆ. ದಯವಿಟ್ಟು 'ಅಖೈರು ಸವಾಲು', 'ಕಮಿಷನ್ ಸೇರಿ ಒಟ್ಟು', 'ಮಾರದೆ ನಿಂತ ಸವಾಲು' ಎಂದು ಮೂರನ್ನೂ ಬೇರೆಬೇರೆಯಾಗಿಯೇ ಇಡಿ.

'ಹೊಂದಾಣಿಕೆಯ ಸಂಖ್ಯೆಗಳು' ದಾರಿ ತಪ್ಪಿಸುವ ಅನುವಾದ. ಚಾಸಿ ನಂಬರೂ ಎಂಜಿನ್ ನಂಬರೂ ಒಂದೇ ಆಗಿರಬೇಕು ಎಂದು ಓದುಗರು ತಿಳಿಯುತ್ತಾರೆ. ಅವು ಒಂದೇ ಆಗಿರುವುದಿಲ್ಲ. ಆ ಚಾಸಿಗೆ ಕಾರ್ಖಾನೆಯಲ್ಲಿ ಕೂರಿಸಿದ ಎಂಜಿನ್ನೇ ಈಗಲೂ ಇದೆ, ಕಾರ್ಖಾನೆ ದಾಖಲೆಗೆ ತಾಳೆಯಾಗುತ್ತದೆ ಎಂಬುದಷ್ಟೇ ಅರ್ಥ. 'ದಾಖಲೆಗೆ ತಾಳೆಯಾಗುವ ಎಂಜಿನ್' ಎನ್ನಿ. ತಾಳೆ ನೋಡುವ ಬಗೆಯನ್ನೂ ಕೈಪಿಡಿಯಲ್ಲಿ ಸೇರಿಸಿ: 911ರ ಎಂಜಿನ್ ನಂಬರ್ ಕೂಲಿಂಗ್ ಫ್ಯಾನಿನ ಬಲಮಗ್ಗುಲಿಗೆ ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಮುಖ್ಯ ಲೋಹದ ಕವಚ) ಮೇಲೆ ಇರುತ್ತದೆ, ಎಣ್ಣೆ ಜಿಡ್ಡು ಒರೆಸಿ ಟಾರ್ಚನ್ನು ಓರೆಯಾಗಿ ಹಿಡಿಯಬೇಕು. ಅಂಕಿಗಳ ಸುತ್ತ ಉಜ್ಜಿದ ಗೀರುಗಳಿದ್ದರೆ, ಅಂಕಿಗಳ ಅಂತರ ಏರುಪೇರಾಗಿದ್ದರೆ ಮತ್ತೆ ಕೆತ್ತಿದ್ದಾರೆಂಬ ಅನುಮಾನ. ಲೋಹವೂ ಸುಳಿವು ಕೊಡುತ್ತದೆ. 1974ರಿಂದ 77ರವರೆಗಿನ 2.7 ಲೀಟರ್ ಎಂಜಿನ್ನಿನ ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಮ್, 1978ರ 911 ಎಸ್‌ಸಿ ಮಾದರಿಯದು ಅಲ್ಯೂಮಿನಿಯಮ್. ಆ 2.7 ಲೀಟರ್ ಎಂಜಿನ್ನಿನ ನಂಬರು ಅಲ್ಯೂಮಿನಿಯಮ್ ಕೇಸಿನ ಮೇಲೆ ಕಂಡರೆ ಅಲ್ಲಿಗೇ ನಿಲ್ಲಿಸಿ ದಾಖಲೆ ಕೇಳಿ.

ಆ ಮೆಗ್ನೀಸಿಯಮ್ ಕೇಸಿಗೆ ಇನ್ನೊಂದು ಕಾಯಿಲೆ. ಬಿಸಿಗೆ ಹಿಗ್ಗಿ ಕುಗ್ಗಿ ಹೆಡ್ ಸ್ಟಡ್‌ಗಳ (ಸಿಲಿಂಡರ್ ಹೆಡ್ ಬಿಗಿಯುವ ಉದ್ದ ತಿರುಪುಗಳು) ಮರೆ, ಅಂದರೆ ಥ್ರೆಡ್, ಕಿತ್ತುಬರುತ್ತದೆ, ಸ್ಟೀಲಿನ ಇನ್ಸರ್ಟ್ ಕೂರಿಸಬೇಕಾಗುತ್ತದೆ. ಮಾರಾಟದ ವಿವರಣೆಯಲ್ಲಿ 'ಎಂಜಿನ್ ರಿಪೇರಿಯಾಗಿದೆ' ಎಂಬ ಒಂದು ಸಾಲಿದ್ದರೆ ಸಾಲದು. ಕೇಸ್ ಬಿಚ್ಚಿದ್ದಾರೋ, ಬರೀ ಮೇಲ್ಭಾಗ ಬಿಚ್ಚಿದ್ದಾರೋ ಕೇಳಬೇಕು.

ಏರ್‌ಕೂಲ್ಡ್‌ಗೆ 'ಗಾಳಿ ತಂಪಿನ ಎಂಜಿನ್' ಅಥವಾ ಏರ್‌ಕೂಲ್ಡ್ ಎಂದೇ ಬಿಡಿ. ಬುಲೆಟ್ ಓಡಿಸುವವರಿಗೆಲ್ಲ ಆ ಪದ ಗೊತ್ತು. ಒಂದು ಸಾಲು ಮಾತ್ರ ಸೇರಿಸಬೇಕು: 911ರಲ್ಲಿ ಶಾಖದ ದೊಡ್ಡ ಪಾಲನ್ನು ಹೊರುವುದು ಆಯಿಲ್, ಸುಮಾರು 10 ಲೀಟರ್, ಅದೂ ಬೇರೆ ಟ್ಯಾಂಕಿನಲ್ಲಿ. ಮಟ್ಟ ನೋಡುವುದು ಎಂಜಿನ್ ಚೆನ್ನಾಗಿ ಬಿಸಿಯಾಗಿ, ಸಮತಟ್ಟು ನೆಲದಲ್ಲಿ ಐಡಲ್‌ನಲ್ಲಿ ಓಡುತ್ತಿರುವಾಗ. ತಣ್ಣಗಿದ್ದಾಗ ಕಡ್ಡಿಯಲ್ಲಿ ಆಯಿಲ್ ಕಾಣದೆ ಸುರಿದರೆ ಹೆಚ್ಚಾದದ್ದು ಏರ್ ಫಿಲ್ಟರಿಗೆ ಹೋಗಿ ಹೊಗೆ ಕಾರುತ್ತದೆ.

ಇನ್ನೊಂದು ಉತ್ತರ (ಸೋಮವಾರಪೇಟೆಯಿಂದ)

ಮೇಲಿನದಕ್ಕೆ ಎರಡು ಸೇರ್ಪಡೆ. 'ಆ್ಯಸ್ ಈಸ್ ವೇರ್ ಈಸ್' ಎಂಬುದಕ್ಕೆ ಬ್ಯಾಂಕ್ ಹರಾಜು ಪ್ರಕಟಣೆಯ 'ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ' ಹೇಳಿ ಮಾಡಿಸಿದಂತಿದೆ. ತುಕ್ಕಿನಲ್ಲೂ ಭೇದ ತೋರಿಸಿ: ಉಜ್ಜಿದರೆ ಹೋಗುವ 'ಮೇಲ್ತುಕ್ಕು' ಒಂದು, ತಗಡು ಕತ್ತರಿಸಿ ಬೆಸುಗೆ ಹಾಕಬೇಕಾದ 'ತೂತು ಬಿದ್ದ ತುಕ್ಕು' ಇನ್ನೊಂದು. ಎರಡನೆಯದನ್ನು ಬಾಗಿಲ ಕೆಳಗಿನ ಸಿಲ್, ಜ್ಯಾಕ್ ಕೊಡುವ ಜಾಗ, ಮುಂದಿನ ಬ್ಯಾಟರಿ ತಟ್ಟೆಯ ಅಡಿಯಲ್ಲಿ ಹುಡುಕಬೇಕು. ನಮ್ಮ ಮಳೆಗಾಲದ ಶೆಡ್ಡಿನಲ್ಲಿ ಮೊದಲನೆಯದು ಎರಡನೆಯದಾಗಲು ಹೆಚ್ಚು ಕಾಲ ಬೇಡ.

'ವಿಂಟೇಜ್' ಪದವನ್ನು ಮಾತ್ರ ಎಚ್ಚರದಿಂದ ಬಳಸಿ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ್ದಕ್ಕೇ ಆ ಹೆಸರು, 'ವಿಎ' ಸರಣಿಯ ನಂಬರು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ದಿನನಿತ್ಯದ ಓಡಾಟಕ್ಕೆ ಅನುಮತಿಯಿಲ್ಲ; ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕೆಲಸಗಳಿಗಷ್ಟೇ ರಸ್ತೆಗಿಳಿಸಬಹುದು. ಏರ್‌ಕೂಲ್ಡ್ 911 1998ರವರೆಗೂ ತಯಾರಾದ ಕಾರು. 1990ರ ದಶಕದವನ್ನೂ ಕೈಪಿಡಿ 'ವಿಂಟೇಜ್' ಎಂದರೆ ಓದುಗರು ಆರ್‌ಟಿಓ ಕಚೇರಿಯಿಂದ ಬರಿಗೈಲಿ ಬರಬೇಕಾಗುತ್ತದೆ. ಅವಕ್ಕೆ 'ಕ್ಲಾಸಿಕ್' ಎಂದೇ ಇರಲಿ.