ಕಣ್ಣು ಕತ್ತಲೆ ಬಂದಾಗ ಕಾಲು ಬಿಗಿ ಹಿಡಿದರೆ ಬವಳಿ ತಪ್ಪುತ್ತದೆಯೇ?

ಪ್ರಶ್ನೆ
ತುಂಬಾ ಹೊತ್ತು ನಿಂತಾಗ, ಇಲ್ಲವೇ ರಕ್ತ ತೆಗೆಯುವಾಗ ಕೆಲವರಿಗೆ ಕಣ್ಣು ಕತ್ತಲೆ ಬಂದು ಎಚ್ಚರ ತಪ್ಪುತ್ತದೆ. ಕಾಲು ಹೆಣೆದು ನಿಂತರೆ, ಮುಷ್ಟಿ ಬಿಗಿದರೆ ಇದು ತಡೆಯುತ್ತದಂತೆ. ಯಾವುದು ಹೆಚ್ಚು ಪರಿಣಾಮಕಾರಿ, ಎಷ್ಟು ಹೊತ್ತು ಹಿಡಿಯಬೇಕು? ಮಾಡಿದರೂ ಬೀಳುವವರು ಎಲ್ಲಿ ತಪ್ಪುತ್ತಾರೆ?

ಉತ್ತರ 1
ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಹೊಟ್ಟೆಯ ಕಡೆ ಇಳಿಯುತ್ತದೆ. ಬವಳಿ ಬರುವ ಹೊತ್ತಿಗೆ ರಕ್ತನಾಳಗಳು ಸಡಿಲಗೊಂಡು, ನಾಡಿಯೂ ನಿಧಾನವಾಗಿ, ಮಿದುಳಿಗೆ ರಕ್ತ ಸಾಲದಾಗುತ್ತದೆ. ಸ್ನಾಯು ಬಿಗಿದರೆ ಆ ರಕ್ತ ಹಿಂಡಿಕೊಂಡು ಹೃದಯಕ್ಕೆ ಮರಳುತ್ತದೆ. ಹಾಗಾಗಿ ದೊಡ್ಡ ಸ್ನಾಯುಗಳಿರುವ ಕೆಳಭಾಗದ ಚಲನೆಗಳೇ ಮೇಲು.

ನಿಂತಿದ್ದರೆ ಒಂದು ಕಾಲನ್ನು ಇನ್ನೊಂದರ ಮುಂದೆ ಹೆಣೆದು, ತೊಡೆಗಳನ್ನು ಒಂದಕ್ಕೊಂದು ಒತ್ತಿ, ಪೃಷ್ಠ ಮತ್ತು ಹೊಟ್ಟೆಯನ್ನೂ ಬಿಗಿಯಿರಿ. ಗೋಡೆಯನ್ನೋ ಕುರ್ಚಿಯನ್ನೋ ಹಿಡಿದುಕೊಳ್ಳಿ. ಬರೀ ಕಾಲು ಹೆಣೆದರೆ ಸಾಲದು, ಬಿಗಿಯಲೇಬೇಕು. ಕುಕ್ಕರಗಾಲಲ್ಲಿ ಕೂರುವುದು ಇನ್ನೂ ಬಲವಾದ ಉಪಾಯ; ಬಿದ್ದರೂ ಎತ್ತರದಿಂದ ಬೀಳುವುದಿಲ್ಲ. ಕೈಗೆ ಮಾತ್ರ ಅವಕಾಶವಿದ್ದರೆ ಎರಡೂ ಕೈಬೆರಳುಗಳನ್ನು ಕೊಂಡಿಯಂತೆ ಸಿಕ್ಕಿಸಿ ಎದೆಯ ಮುಂದೆ ಬಲವಾಗಿ ಹೊರಕ್ಕೆ ಎಳೆಯಿರಿ. ಲಕ್ಷಣ ಇಳಿಯುವವರೆಗೆ, ಅಂದರೆ ಒಂದೆರಡು ನಿಮಿಷ ಹಿಡಿಯಬೇಕು.

ಉತ್ತರ 2
ತಪ್ಪುವುದು ಮುಖ್ಯವಾಗಿ ಉಸಿರಿನಲ್ಲಿ. ಉಸಿರು ಕಟ್ಟಿ ಮುಕ್ಕಿದರೆ ಎದೆಯೊಳಗೆ ಒತ್ತಡ ಏರಿ, ಹೃದಯಕ್ಕೆ ಬರಬೇಕಾದ ರಕ್ತವೇ ತಡೆಯಾಗುತ್ತದೆ, ಕೆಲಸ ಉಲ್ಟಾ. ಬಿಗಿಯುತ್ತಲೇ ಉಸಿರಾಡಬೇಕು.

ಇನ್ನೊಂದು, ತಡ ಮಾಡುವುದು. ಬೆವರು ತಣ್ಣಗಾಗಿ, ಹೊಟ್ಟೆ ತೊಳಸಿ, ಕಿವಿ ಗುಂಯ್ ಅನ್ನುವಾಗಲೇ ಶುರು ಮಾಡಿ. ದೃಷ್ಟಿ ಪೂರ್ತಿ ಮಂಕಾದ ಮೇಲೆ ಪ್ರಯತ್ನ ಬೇಡ, ಮಲಗಿ ಕಾಲು ಎತ್ತರಿಸಿ. ಕುಕ್ಕರಗಾಲಿನಿಂದ ದಡಬಡ ಏಳಬೇಡಿ, ಬಿಪಿ ಮತ್ತೆ ಕುಸಿಯುತ್ತದೆ. ನಿಧಾನ ಎದ್ದು, ಎದ್ದ ಮೇಲೂ ಕಾಲು ಬಿಗಿ ಹಿಡಿಯಿರಿ.

ಸೂಜಿ, ರಕ್ತ ಕಂಡರೆ ಬವಳಿ ಬರುವವರಿಗೆ ಬೇರೆ ಲಯವಿದೆ: 10ರಿಂದ 15 ಸೆಕೆಂಡು ಬಿಗಿತ, ಮುಖ ಬೆಚ್ಚಗಾದಾಗ 20ರಿಂದ 30 ಸೆಕೆಂಡು ಸಹಜ ಸ್ಥಿತಿ, ಹೀಗೆ ಐದು ಬಾರಿ. ಪೂರ್ತಿ ಸಡಿಲ ಬಿಡಬಾರದು. ಮನೆಯಲ್ಲಿ ಮೊದಲೇ ಅಭ್ಯಾಸ ಮಾಡಿ.

ಪ್ರಶ್ನೆ ಕೇಳಿದವರು
ಸೂಜಿ ಚುಚ್ಚಿರುವ ಕೈಯನ್ನೂ ಬಿಗಿಯಬೇಕೇ?

ಉತ್ತರ 2
ಬೇಡ, ಅದನ್ನು ಸಡಿಲವಾಗಿಯೇ ಇಡಿ. ಕಾಲು, ಹೊಟ್ಟೆ, ಇನ್ನೊಂದು ಕೈ ಸಾಕು. ಒಮ್ಮೆ ಬವಳಿ ಬಂದವರು ಮಲಗಿಯೇ ರಕ್ತ ಕೊಡುವುದು ಒಳ್ಳೆಯದು.

ಉತ್ತರ 3
ಇದರ ಮಿತಿಯನ್ನೂ ಹೇಳಲೇಬೇಕು. 2006ರಲ್ಲಿ ಪ್ರಕಟವಾದ, 223 ಜನರ ಅಧ್ಯಯನವೊಂದರಲ್ಲಿ ಎಂದಿನ ಸಲಹೆ ಮಾತ್ರ ಪಡೆದವರಲ್ಲಿ ಸುಮಾರು ಶೇ. 51 ಮಂದಿಗೆ ಮತ್ತೆ ಎಚ್ಚರ ತಪ್ಪಿತು; ಈ ಚಲನೆಗಳನ್ನೂ ಕಲಿತವರಲ್ಲಿ ಶೇ. 32. ದೊಡ್ಡ ವ್ಯತ್ಯಾಸವೇ, ಆದರೆ ಪೂರ್ತಿ ರಕ್ಷಣೆಯಲ್ಲ. ಮುನ್ಸೂಚನೆಯೇ ಇಲ್ಲದೆ ಬೀಳುವವರಿಗೆ ಹೆಚ್ಚು ಪ್ರಯೋಜನವಾಗದು.

ಓಡುವಾಗ ಅಥವಾ ಮಲಗಿದ್ದಾಗ ಎಚ್ಚರ ತಪ್ಪಿದರೆ, ಎದೆನೋವು, ಎದೆ ಡವಡವ, ಮಾತು ತೊದಲುವಿಕೆ ಜೊತೆಗಿದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಆಗಿದ್ದರೆ ಚಲನೆಗಳನ್ನು ನಂಬಿ ಕೂರಬೇಡಿ, ತಕ್ಷಣ ವೈದ್ಯರಿಗೆ ತೋರಿಸಿ.