'ಉಸಿರುಗಟ್ಟಿ ಹುಟ್ಟಿದ ಮಗು' ಎನ್ನಬಹುದೇ?

ಬಳಗದವರಿಗೆ ನಮಸ್ಕಾರ.

ಹೆರಿಗೆಯ ಹೊತ್ತಿನಲ್ಲಿ ಆಮ್ಲಜನಕ ಸಾಲದೆ ತೊಂದರೆಗೊಳಗಾದ ಶಿಶುಗಳ ತಂದೆತಾಯಿಯರಿಗೆ ಆಸ್ಪತ್ರೆಯೊಂದು ಹಂಚಲಿರುವ ಎಂಟು ಪುಟದ ಕಿರುಪುಸ್ತಕವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಕೊಂಡಿದ್ದೇನೆ. ವೈದ್ಯರು 'ಬರ್ತ್ ಅಸ್ಫಿಕ್ಸಿಯಾ' ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ 'ಉಸಿರುಗಟ್ಟುವಿಕೆ' ಎಂದೋ 'ಶ್ವಾಸಾವರೋಧ' ಎಂದೋ ಬರೆಯುವುದು ರೂಢಿ. ಆದರೆ ಹೊಟ್ಟೆಯೊಳಗಿನ ಮಗು ಶ್ವಾಸಕೋಶದಿಂದ ಉಸಿರಾಡುವುದೇ ಇಲ್ಲವಲ್ಲ. ಅದಕ್ಕೆ ಬೇಕಾದ ಆಮ್ಲಜನಕ ಮಾಸಿನಿಂದ ಹೊಕ್ಕುಳಬಳ್ಳಿಯ ಮೂಲಕ ರಕ್ತದಲ್ಲಿ ಬರುತ್ತದೆ. ಬಳ್ಳಿ ಮಗುವಿಗಿಂತ ಮೊದಲು ಜಾರಿ ಒತ್ತಿಕೊಂಡರೆ, ಮಾಸು ಹೊತ್ತಿಗೆ ಮುಂಚೆ ಕಳಚಿದರೆ, ಗರ್ಭಕೋಶ ಹರಿದರೆ ಆ ಹರಿವು ಕಡಿಮೆಯಾಗುತ್ತದೆ ಅಥವಾ ನಿಲ್ಲುತ್ತದೆ. ಇನ್ನೂ ಆಡದ ಉಸಿರು ಕಟ್ಟುವುದು ಹೇಗೆ?

ತಮಾಷೆಯೆಂದರೆ ಮೂಲ ಗ್ರೀಕ್ ಪದದಲ್ಲಿ ಉಸಿರಿನ ಸುಳಿವೇ ಇಲ್ಲ. 'ಸ್ಫಿಕ್ಸಿಸ್' ಎಂದರೆ ನಾಡಿಯ ಬಡಿತ, 'ಅಸ್ಫಿಕ್ಸಿಯಾ' ಎಂದರೆ ನಾಡಿ ಸಿಗದ ಸ್ಥಿತಿ. ಉಸಿರಿನ ಅರ್ಥ ಆಮೇಲೆ ಅಂಟಿಕೊಂಡದ್ದು, ನಾವು ಕನ್ನಡಕ್ಕೆ ತಂದುಕೊಂಡದ್ದು ಆ ಅಂಟಿಕೊಂಡ ಅರ್ಥವನ್ನೇ. 'ಆಮ್ಲಜನಕ'ದ ಕಥೆಯೂ ಇಂಥದೇ. ಆಮ್ಲವನ್ನು ಹುಟ್ಟಿಸುವುದೆಂದು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೆ ತಪ್ಪಾಗಿ ಇಟ್ಟ ಹೆಸರನ್ನು ನಾವು ನಿಷ್ಠೆಯಿಂದ ಸಂಸ್ಕೃತಕ್ಕೆ ತಿರುಗಿಸಿಕೊಂಡೆವು. ಈ ಶಿಶುಗಳಲ್ಲಿ ನಡೆಯುವುದು ಉಲ್ಟಾ: ಆಮ್ಲಜನಕ ಸಿಗದಿದ್ದಾಗಲೇ ರಕ್ತದಲ್ಲಿ ಆಮ್ಲ ಏರುತ್ತದೆ. ಹೊಕ್ಕುಳಬಳ್ಳಿಯ ರಕ್ತದ ಪಿಎಚ್ (ಆಮ್ಲತೆಯ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) 7ಕ್ಕಿಂತ ಕೆಳಗಿಳಿದಿದೆಯೇ ಎಂದು ವೈದ್ಯರು ನೋಡುವುದು ಅದಕ್ಕಾಗಿ. ಕಿರುಪುಸ್ತಕದಲ್ಲಿ ಇದನ್ನು ವಿವರಿಸಹೊರಟರೆ ಓದುವವರ ತಲೆ ಕೆಡುತ್ತದೆ ಎಂದು ಬಿಟ್ಟಿದ್ದೇನೆ. ಇಲ್ಲಿ ಹೇಳದೆ ಇರಲಾಗಲಿಲ್ಲ.

'ಉಸಿರುಗಟ್ಟು' ಬಗ್ಗೆ ಇನ್ನೊಂದು ತಕರಾರಿದೆ. ಪತ್ರಿಕೆ ಓದುವವರಿಗೆ ಅದು ಅಪರಾಧ ಸುದ್ದಿಯ ಮಾತು. ಹಸಿ ಬಾಣಂತಿಯ ಕೈಯಲ್ಲಿ 'ನಿಮ್ಮ ಮಗುವಿಗೆ ಉಸಿರುಗಟ್ಟಿದೆ' ಎಂಬ ಚೀಟಿ ಇಟ್ಟರೆ, ಉಸಿರುಗಟ್ಟಿಸಿದವರು ಯಾರು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಉತ್ತರ ಬಹಳ ಸಲ ಅವಳ ಮೇಲೆಯೇ ಬಂದು ಬೀಳುತ್ತದೆ: ಸರಿಯಾಗಿ ಮುಕ್ಕಲಿಲ್ಲ, ನೋವು ತಿನ್ನಲಿಲ್ಲ.

ಜನ ಏನೆನ್ನುತ್ತಾರೆ ಎಂದು ತಿಳಿಯಲು ಒಂದು ಮಧ್ಯಾಹ್ನ ನವಜಾತ ಶಿಶು ಘಟಕದ ಹೊರಗಿನ ಬೆಂಚಿನಲ್ಲಿ ಕುಳಿತಿದ್ದೆ. ಪಕ್ಕದಲ್ಲಿದ್ದ ಅಜ್ಜಿ, ಮಡಿಲಲ್ಲಿ ಖಾಲಿ ಫ್ಲಾಸ್ಕ್ ಹಿಡಿದು, "ಕೂಸು ಹುಟ್ಟಿದ ಕೂಡಲೇ ಅಳಲಿಲ್ಲವಂತೆ" ಎಂದರು. ಸ್ವಲ್ಪ ಹೊತ್ತಿನ ನಂತರ ಇನ್ನೊಬ್ಬರು, "ನಮ್ಮದು ಒಳಗೇ ನೀರು ಕುಡಿದಿದೆ" ಎಂದರು. ಎರಡೂ ಪಾರಿಭಾಷಿಕವಲ್ಲ, ಎರಡೂ ಸ್ಪಷ್ಟ. 'ಅಳಲಿಲ್ಲ' ಎನ್ನುವುದು ಕಂಡದ್ದನ್ನು ಮಾತ್ರ ಹೇಳುತ್ತದೆ, ಯಾರನ್ನೂ ದೂರುವುದಿಲ್ಲ. ಕೊರತೆಯೂ ಇದೆ. ಹುಟ್ಟಿದ ಕೂಡಲೇ ಅಳದ ಮಕ್ಕಳಿಗೆಲ್ಲ ಮೆದುಳಿನ ತೊಂದರೆ ಆಗುವುದಿಲ್ಲ, ಬಹಳಷ್ಟು ಮಕ್ಕಳು ಒರೆಸಿ ಬೆನ್ನು ಉಜ್ಜಿದರೆ ಅಳುತ್ತವೆ. ಅಪ್ಗಾರ್ ಅಂಕದ್ದೂ ಇದೇ ಪಾಡು. ಅಮೆರಿಕದ ವೈದ್ಯೆ ವರ್ಜೀನಿಯಾ ಅಪ್ಗಾರ್ 1953ರಲ್ಲಿ ಪ್ರಕಟಿಸಿದ ಆ ಅಳತೆ ಹುಟ್ಟಿದ ಮೊದಲ ನಿಮಿಷಗಳ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಒಂದೊಂದು ಮಗುವಿನ ಭವಿಷ್ಯವನ್ನಲ್ಲ. ಆದರೆ ನಾವು 'ಅಂಕ' ಎಂದು ಬರೆದುಬಿಟ್ಟಿದ್ದೇವೆ. "ಹತ್ತಕ್ಕೆ ನಾಲ್ಕು ಬಂದಿದೆ, ಫೇಲಾದ ಹಾಗೆಯೇ?" ಎಂದು ಒಬ್ಬ ತಂದೆ ನರ್ಸ್ ಬಳಿ ಕೇಳುತ್ತಿದ್ದರು.

ಇನ್ನು 'ಎನ್ಸೆಫಲೋಪತಿ', ಅಂದರೆ ಮೆದುಳಿನ ಕೆಲಸ ಏರುಪೇರಾದ ಸ್ಥಿತಿ. ಆಮ್ಲಜನಕದ ಕೊರತೆ ಒಂದು ಘಟನೆ. ಅದರ ನಂತರ ಮೆದುಳು ಇರುವ ಸ್ಥಿತಿ ಬೇರೆ: ಮಗು ಮಂಪರಾಗಿರುತ್ತದೆ, ಮೈ ಸಡಿಲವಾಗಿರುತ್ತದೆ, ಮೊಲೆ ಚೀಪುವುದಿಲ್ಲ, ಫಿಟ್ಸ್ ಬರಬಹುದು. 1976ರಲ್ಲಿ ಸಾರ್ನಾಟ್ ಎಂಬ ಸಂಶೋಧಕ ದಂಪತಿ ಇದನ್ನು ಮೂರು ಹಂತಗಳಾಗಿ ವಿಂಗಡಿಸಿದರು. ಮೊದಲನೆಯದು ಸೌಮ್ಯ, ಮೂರನೆಯದು ತೀವ್ರ. ಮೊದಲ ಹಂತದಲ್ಲಿರುವ ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಹೀಗಿರುವಾಗ 'ಮೆದುಳು ಹಾನಿ' ಎಂದು ಬರೆಯುವುದು ವಿಚಾರಣೆಗೆ ಮೊದಲೇ ತೀರ್ಪು ಕೊಟ್ಟಂತೆ. 'ಪೆಟ್ಟು' ಎಂದರೆ ಮಗುವನ್ನು ಬೀಳಿಸಿದರೇ ಎಂದು ಕೇಳುತ್ತಾರೆ. 'ಮಂಕು' ಎಂದರೆ ಬೈಗುಳ. ಸದ್ಯಕ್ಕೆ 'ಮೆದುಳು ಬಳಲಿದೆ' ಎಂದು ಇಟ್ಟುಕೊಂಡಿದ್ದೇನೆ. ಮೂರನೆಯ ಹಂತಕ್ಕೆ ಅದು ತೀರಾ ಮೆತ್ತಗಾಯಿತೆಂದು ವೈದ್ಯರ ಆಕ್ಷೇಪ, ಅದು ನ್ಯಾಯವೇ.

ಚಿಕಿತ್ಸೆಯ ಹೆಸರೂ ತೊಡಕಿನದು. ಮಗುವಿಗೆ ಉಸಿರು ಬಂದ ಮೇಲೆ ಮೆದುಳಿನ ಜೀವಕೋಶಗಳು ಕೆಲವು ಗಂಟೆ ಸುಧಾರಿಸಿದಂತೆ ಇದ್ದು, ಆಮೇಲೆ ಎರಡನೆಯ ಸಲ ಕುಸಿಯುತ್ತವೆ. ಆ ಬಿಡುವಿನಲ್ಲಿ, ಅಂದರೆ ಹುಟ್ಟಿದ 6 ಗಂಟೆಯೊಳಗೆ ಆರಂಭಿಸಿ, ಮೈಯ ಬಿಸಿಯನ್ನು 33ರಿಂದ 34 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ 72 ಗಂಟೆ ಅಲ್ಲೇ ಇರಿಸುತ್ತಾರೆ. ಕೈಗೆ ಬಂದ ಹಳೆಯ ಕರಡಿನಲ್ಲಿ ಇದಕ್ಕೆ 'ಶೀತ ಚಿಕಿತ್ಸೆ' ಎಂದಿತ್ತು. ಕನ್ನಡದವರಿಗೆ ಅದು ನೆಗಡಿಯ ಔಷಧ! 'ಶೀತಲೀಕರಣ' ಎಂದರೆ ಆಲೂಗಡ್ಡೆ ಇಡುವ ಗೋದಾಮು ನೆನಪಾಗುತ್ತದೆ. 'ತಂಪಾಗಿಸುವ ಚಿಕಿತ್ಸೆ' ಎಂದು ಬರೆದೆ. ಬಾಣಂತಿಗೂ ಮಗುವಿಗೂ ಥಂಡಿ ಸೋಕಬಾರದೆಂದು ಕಿಟಕಿಗೂ ಬಟ್ಟೆ ತುರುಕುವ ನಮ್ಮ ಮನೆಗಳಲ್ಲಿ ಇದಕ್ಕೆ ಎರಡು ಸಾಲು ವಿವರಣೆ ಬೇಕೇ ಬೇಕು. 'ಮೆದುಳು ರಕ್ಷಕ' ಎಂದು ಸೇರಿಸಿ ಎಂಬ ಸಲಹೆಯೂ ಬಂತು, ನಾನು ಒಪ್ಪಲಿಲ್ಲ. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 408 ಶಿಶುಗಳನ್ನು ಒಳಗೊಂಡು 2021ರಲ್ಲಿ ಪ್ರಕಟವಾದ ಹೆಲಿಕ್ಸ್ ಅಧ್ಯಯನದಲ್ಲಿ ತಂಪಾಗಿಸಿದ್ದರಿಂದ ಸಾವು ಮತ್ತು ವೈಕಲ್ಯ ಒಟ್ಟಾರೆ ತಗ್ಗಲಿಲ್ಲ, ಸಾವು ಹೆಚ್ಚೇ ಆಗಿತ್ತು. ಶ್ರೀಮಂತ ದೇಶಗಳಲ್ಲಿ ಪ್ರಯೋಜನ ಕಂಡ ಚಿಕಿತ್ಸೆ ಇಲ್ಲಿ ಹಾಗೆ ಕಾಣಲಿಲ್ಲ. ಹೆಸರಿನಲ್ಲಿ ಭರವಸೆ ತುಂಬುವುದು ಬೇಡ.

ಕೊನೆಯ ಪುಟಗಳು ಮಗು ಮನೆಗೆ ಹೋದ ಮೇಲಿನವು. 'ಬೆಳವಣಿಗೆ' ಎಂಬ ಒಂದೇ ಮಾತಿನಲ್ಲಿ ತೂಕವೂ ಬುದ್ಧಿಯೂ ಚಲನೆಯೂ ಅಡಗಿದೆ. "ಬೆಳವಣಿಗೆ ಹೇಗಿದೆ?" ಎಂದರೆ ತಾಯಿ ಕಿಲೋ ಲೆಕ್ಕ ಹೇಳುತ್ತಾಳೆ. 'ಬೆಳವಣಿಗೆ ಕುಂಠಿತ' ಎಂದರೆ 'ಕುಂಟ' ಎಂದು ಕೇಳಿಸುತ್ತದೆ, ಎರಡರ ಅರ್ಥ ಬೇರೆಯಾದರೂ. 'ವಿಳಂಬ' ಎಂದರೆ ತಡವಾಗಿ ಬರುವ ರೈಲು, ಇಂದಲ್ಲ ನಾಳೆ ಬಂದೇ ಬರುತ್ತದೆ ಎಂಬ ಧ್ವನಿ. ಇಲ್ಲಿ ಮಾತ್ರ ನಮ್ಮ ಮನೆಮಾತು ವೈದ್ಯರ ಮಾತಿಗಿಂತ ಮುಂದಿದೆ: ಕತ್ತು ನಿಂತಿತೇ, ಮುಖ ನೋಡಿ ನಗುತ್ತದೆಯೇ, ಬೋರಲು ಬಿದ್ದಿತೇ, ಅಂಬೆಗಾಲಿಟ್ಟಿತೇ, ಹೊಸ್ತಿಲು ದಾಟಿತೇ. 'ಮೈಲಿಗಲ್ಲು' ತೆಗೆದು ಇವನ್ನೇ ಹಾಕಿದ್ದೇನೆ.

ಇನ್ನೂ ಬಗೆಹರಿಯದ್ದು 'ಸೆರೆಬ್ರಲ್ ಪಾಲ್ಸಿ', ಅಂದರೆ ಎಳೆಯ ಮೆದುಳಿಗಾದ ಹಾನಿಯಿಂದ ಮೈಯ ಚಲನೆಗೆ ಬರುವ ತೊಂದರೆ. 'ಮೆದುಳಿನ ಪಾರ್ಶ್ವವಾಯು', 'ಮಸ್ತಿಷ್ಕ ಪಕ್ಷಾಘಾತ' ಎರಡೂ ಚಾಲ್ತಿಯಲ್ಲಿವೆ. ಪಾರ್ಶ್ವವೆಂದರೂ ಪಕ್ಷವೆಂದರೂ ಒಂದು ಬದಿ. ದಿನ ತುಂಬಿ ಹುಟ್ಟಿ ಆಮ್ಲಜನಕದ ತೀವ್ರ ಕೊರತೆ ಅನುಭವಿಸಿದ ಮಕ್ಕಳಲ್ಲಿ ಮೆದುಳಿನ ಆಳದ ಭಾಗಗಳು ನೋಯುವುದರಿಂದ ಸಾಮಾನ್ಯವಾಗಿ ಎರಡೂ ಕೈ, ಎರಡೂ ಕಾಲು ಸೆಟೆದುಕೊಳ್ಳುತ್ತವೆ ಅಥವಾ ಹಿಡಿತವಿಲ್ಲದೆ ಹೊರಳುತ್ತವೆ. ಹೆಸರು ಕೇಳಿದವರು ಅಜ್ಜನಿಗೆ ಹೊಡೆದ ಲಕ್ವವನ್ನು ನೆನೆದು ಎಣ್ಣೆ ತಿಕ್ಕುವವರನ್ನು ಹುಡುಕಿಕೊಂಡು ಹೋಗುತ್ತಾರೆ.

ಹಾಗಾಗಿ ಎರಡು ಕೇಳಿಕೆ. ತಲೆಬರಹಕ್ಕೆ 'ಹೆರಿಗೆ ಹೊತ್ತಿನ ಆಮ್ಲಜನಕ ಕೊರತೆ' ಎಂದಿಟ್ಟು, ಕೆಳಗೆ 'ಹುಟ್ಟಿದ ಕೂಡಲೇ ಅಳದ ಮಗು' ಎಂದು ಬರೆದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಧಾರವಾಡ, ಕಲಬುರಗಿ, ಕರಾವಳಿಯ ಕಡೆ ಸೂಲಗಿತ್ತಿಯರು ಇಂಥ ಕೂಸಿಗೆ ಬಳಸುತ್ತಿದ್ದ ಬೇರೆ ಮಾತು ನಿಮ್ಮ ಮನೆಯ ಹಿರಿಯರಿಗೆ ನೆನಪಿದೆಯೇ? ಕರಡು ಸೋಮವಾರ ಅಚ್ಚಿಗೆ ಹೋಗುತ್ತದೆ.